ಒಂದೇ ಪೊಲೀಸ್ ಚಿತ್ರ, ಹಲವು ಪ್ರತಿಗಳು: ವಿಮರ್ಶೆ ಬರೆಯುತ್ತಿರುವುದು ಯಾವುದರ ಬಗ್ಗೆ?

2023ರ ಜೂನ್‌ನಲ್ಲಿ ಅಮೆರಿಕದ ಸಿನಿಮಾಸಕ್ತರನ್ನು ಒಂದು ಸುದ್ದಿ ಗೊಂದಲಕ್ಕೆ ಕೆಡವಿತು. 1971ರ ಹೆಸರಾಂತ ಪತ್ತೇದಾರಿ ಸಾಹಸ ಚಿತ್ರ ‘ದಿ ಫ್ರೆಂಚ್ ಕನೆಕ್ಷನ್’ ಅನ್ನು ಕ್ರೈಟೀರಿಯನ್ ಚಾನೆಲ್ ಎಂಬ ಸ್ಟ್ರೀಮಿಂಗ್ ಸೇವೆಯಲ್ಲಿ ನೋಡಿದವರಿಗೆ, ಆರಂಭದ ಒಂದು ದೃಶ್ಯ ನಡುವೆ ಥಟ್ಟನೆ ಹಾರಿದಂತೆ ಕಂಡಿತು. ಹಳೆಯ ಬ್ಲೂ-ರೇ ಡಿಸ್ಕ್ ಹಾಕಿ ಹೋಲಿಸಿದರೆ ನಡುವಿನ ಕೆಲವು ಸೆಕೆಂಡುಗಳೇ ಇಲ್ಲ. ನಾಯಕ ಜಿಮ್ಮಿ ಡಾಯ್ಲ್ ಕಪ್ಪು ಜನಾಂಗದವರನ್ನು ಅತ್ಯಂತ ಹೀನಾಯವಾದ ಪದದಿಂದ ಕರೆಯುವ ಮಾತು ಅಲ್ಲಿತ್ತು. ಅದೇ ಕತ್ತರಿಸಿದ ಪ್ರತಿ ಟಿಸಿಎಂ ಟಿವಿ ವಾಹಿನಿಯಲ್ಲೂ ಕ್ಯಾಲಿಫೋರ್ನಿಯಾದ ಒಂದು ಚಿತ್ರಮಂದಿರದಲ್ಲೂ ಬಂದಿತ್ತೆಂದು ವರದಿಯಾಯಿತು. ಯಾರು ತೆಗೆದರು, ಯಾವಾಗ ತೆಗೆದರು, ಏಕೆ ತೆಗೆದರು ಎಂಬುದರ ಬಗ್ಗೆ ತೆರೆಯ ಮೇಲೆ ಒಂದು ಸಾಲಿನ ಸೂಚನೆಯೂ ಇರಲಿಲ್ಲ.

ಆಗ ಎದ್ದ ಪ್ರಶ್ನೆಗಳಿಗೆ ಈಗಲೂ ತೆರೆ ಬಿದ್ದಿಲ್ಲ. 2025ರ ಆಗಸ್ಟ್‌ನಲ್ಲಿ ‘ರಾಂಝಣಾ’ ಚಿತ್ರದ ತಮಿಳು ರೂಪ ‘ಅಂಬಿಕಾಪತಿ’ಯನ್ನು ಕೃತಕ ಬುದ್ಧಿಮತ್ತೆಯಿಂದ ಅಂತ್ಯ ಬದಲಿಸಿ ಮರುಬಿಡುಗಡೆ ಮಾಡಿದಾಗ, ನಿರ್ದೇಶಕ ಆನಂದ್ ಎಲ್. ರೈ ಮತ್ತು ನಟ ಧನುಷ್ ವಿರೋಧಿಸಿದ್ದು ನಮ್ಮ ಪತ್ರಿಕೆಗಳಲ್ಲೂ ಬಂತು. ಸತ್ತ ನಾಯಕ ಬದುಕಿದ್ದು ಎದ್ದು ಕಾಣುವ ಬದಲಾವಣೆ. ಅದಕ್ಕಿಂತ ಕಷ್ಟದ್ದು ಫ್ರೆಂಚ್ ಕನೆಕ್ಷನ್‌ನಂಥ ಪ್ರಕರಣ, ಏಕೆಂದರೆ ಹಳೆಯ ಪ್ರತಿ ಕೈಯಲ್ಲಿ ಇಲ್ಲದವರಿಗೆ ಬದಲಾವಣೆ ಆಗಿದೆ ಎಂಬುದೇ ಗೊತ್ತಾಗುವುದಿಲ್ಲ. ಹಳೆಯ ಚಿತ್ರವೊಂದರ ಬಗ್ಗೆ ಇವತ್ತು ವಿಮರ್ಶೆ ಬರೆಯುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ: ನೀವು ನೋಡಿದ್ದು ಯಾವ ಪ್ರತಿ?

ಚಿತ್ರ ಯಾವುದು, ಆ ಮಾತಿಗೆ ಅಷ್ಟು ತೂಕ ಏಕೆ

1960ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ಪೊಲೀಸ್ ಇಲಾಖೆಯ ಎಡ್ಡಿ ಈಗನ್ ಮತ್ತು ಸಾನಿ ಗ್ರೋಸೊ ಎಂಬ ಇಬ್ಬರು ಪತ್ತೇದಾರರು ಫ್ರಾನ್ಸಿನಿಂದ ಬರುತ್ತಿದ್ದ ಹೆರಾಯಿನ್ ಜಾಲವೊಂದನ್ನು ಬೆನ್ನಟ್ಟಿದರು. ಅದನ್ನು ಆಧರಿಸಿ ರಾಬಿನ್ ಮೂರ್ ಪುಸ್ತಕ ಬರೆದರು. ಪುಸ್ತಕದಿಂದ ವಿಲಿಯಂ ಫ್ರೀಡ್‌ಕಿನ್ ನಿರ್ದೇಶನದ ಚಿತ್ರ ಬಂತು. ಡಾಯ್ಲ್ ಪಾತ್ರದಲ್ಲಿ ಜೀನ್ ಹ್ಯಾಕ್‌ಮನ್, ಜೊತೆಗಾರ ರುಸೊ ಪಾತ್ರದಲ್ಲಿ ರಾಯ್ ಶೈಡರ್, ಫ್ರೆಂಚ್ ಕಳ್ಳಸಾಗಣೆದಾರನಾಗಿ ಫರ್ನಾಂಡೊ ರೇ. ಅತ್ಯುತ್ತಮ ಚಿತ್ರ, ನಿರ್ದೇಶನ, ನಟ, ಚಿತ್ರಕಥೆ, ಸಂಕಲನ ಹೀಗೆ 5 ಆಸ್ಕರ್ ಪ್ರಶಸ್ತಿಗಳು ಬಂದವು. ಬ್ರೂಕ್ಲಿನ್‌ನಲ್ಲಿ ಮೇಲ್ಸೇತುವೆಯ ಮೇಲೆ ಓಡುವ ರೈಲನ್ನು ಡಾಯ್ಲ್ ಕೆಳಗಿನ ರಸ್ತೆಯಲ್ಲಿ ಕಾರಿನಲ್ಲಿ ಅಟ್ಟಿಸಿಕೊಂಡು ಹೋಗುವ ದೃಶ್ಯವನ್ನು, ಚಿತ್ರವನ್ನು ಪೂರ್ತಿ ನೋಡದವರೂ ಕೇಳಿ ಬಲ್ಲರು.

ಚಿತ್ರದ ಬಲ ಆ ಬೆನ್ನಟ್ಟುವಿಕೆಯಲ್ಲಿ ಮಾತ್ರ ಇಲ್ಲ. ಡಾಯ್ಲ್ ಒಳ್ಳೆಯ ಮನುಷ್ಯನಲ್ಲ ಎಂಬುದನ್ನು ಚಿತ್ರ ಮೊದಲಿನಿಂದಲೂ ಮುಚ್ಚಿಡುವುದಿಲ್ಲ. ಅವನು ಹಟಮಾರಿ, ಜನಾಂಗದ್ವೇಷಿ, ಹಿಡಿದ ಜಾಡಿಗಾಗಿ ಯಾರನ್ನು ಬೇಕಾದರೂ ಬಲಿ ಕೊಡಬಲ್ಲವನು. ಕೊನೆಯಲ್ಲಿ ತನ್ನ ಕಡೆಯವನೇ ಆದ ಫೆಡರಲ್ ಅಧಿಕಾರಿಯನ್ನು ತಪ್ಪಾಗಿ ಗುಂಡಿಟ್ಟು ಕೊಂದ ಮೇಲೂ ಅವನ ಮುಖದಲ್ಲಿ ಪಶ್ಚಾತ್ತಾಪದ ಸುಳಿವಿಲ್ಲ. ಮುಖ್ಯ ಕಳ್ಳ ಸಿಕ್ಕಿಬೀಳುವುದೂ ಇಲ್ಲ. ಪ್ರೇಕ್ಷಕ ಒಂದೂಮುಕ್ಕಾಲು ಗಂಟೆ ಇಂಥವನ ಗೆಲುವನ್ನು ಬಯಸುತ್ತಾ ಕೂತಿದ್ದ ಎಂಬ ಅರಿವೇ ಆ ಅಂತ್ಯದ ಏಟು.

ಆ ಏಟಿಗೆ ನೆಲ ಹದಮಾಡುವುದು ಆರಂಭದ ಆ ಕೆಲವು ಸೆಕೆಂಡುಗಳು. ಒಬ್ಬ ಕಪ್ಪು ಯುವಕನನ್ನು ಹಿಡಿಯುವಾಗ ರುಸೊನ ತೋಳಿಗೆ ಚಾಕುವಿನ ಗಾಯವಾಗಿರುತ್ತದೆ. ಠಾಣೆಯಲ್ಲಿ ಡಾಯ್ಲ್ ಆ ಇಡೀ ಜನಾಂಗವನ್ನೇ ನಂಬಬಾರದು ಎಂಬರ್ಥದ ಮಾತಾಡುತ್ತಾನೆ. ಅವನು ಬಿಳಿಯನೂ ಆಗಿರಬಹುದಿತ್ತಲ್ಲ ಎಂದು ರುಸೊ ಹೇಳಿದಾಗ, ಯಾರನ್ನೂ ನಂಬಬೇಡ ಎಂದು ಡಾಯ್ಲ್ ಮುಗಿಸುತ್ತಾನೆ. ನಾಯಕನ ದ್ವೇಷವೂ, ಪಕ್ಕದಲ್ಲೇ ಇರುವ ಗೆಳೆಯ ಅದನ್ನು ಪೂರ್ತಿ ಒಪ್ಪುವುದಿಲ್ಲ ಎಂಬುದೂ ಒಟ್ಟಿಗೆ ತಿಳಿಯುವ ಜಾಗ ಅದು. ಅದನ್ನು ತೆಗೆದರೆ ಒರಟು ಮಾತಿನ, ಒಳಗೆ ಒಳ್ಳೆಯವನೇ ಇರಬಹುದಾದ ಪೊಲೀಸನೊಬ್ಬ ಉಳಿಯುತ್ತಾನೆ. ಸಾವಿರ ಪೊಲೀಸ್ ಚಿತ್ರಗಳಲ್ಲಿ ಇರುವಂಥವನು. ಜನಾಂಗದ್ವೇಷದ ಮಾತನ್ನು ಅಳಿಸಿದ್ದರಿಂದ ಜನಾಂಗದ್ವೇಷಿಗೇ ಅನುಕೂಲವಾಯಿತು. ಅವನ ಮೇಲಿದ್ದ ಆರೋಪಪಟ್ಟಿಯ ಮುಖ್ಯ ಸಾಲೊಂದು ಹೊಡೆದುಹೋಯಿತು.

ಯಾರು ಏನು ಹೇಳುತ್ತಾರೆ

ಚಿತ್ರವನ್ನು ತಯಾರಿಸಿದ್ದು ಟ್ವೆಂಟಿಯತ್ ಸೆಂಚುರಿ ಫಾಕ್ಸ್. 2019ರ ಮಾರ್ಚ್‌ನಲ್ಲಿ ಆ ಸಂಸ್ಥೆಯ ಚಿತ್ರಭಂಡಾರ ಡಿಸ್ನಿಯ ಪಾಲಾಯಿತು. 2023ರಲ್ಲಿ ಹಕ್ಕುದಾರ ಡಿಸ್ನಿಯೇ. ಪ್ರಸಾರ ಮಾಡುವ ಸೇವೆಗಳು ಹಕ್ಕುದಾರರು ಕೊಟ್ಟ ಕಡತವನ್ನೇ ಹಾಕುತ್ತವೆ. ಇದು ‘ನಿರ್ದೇಶಕರ ಆವೃತ್ತಿ’ ಎಂದು ಹಕ್ಕುದಾರರು ತಿಳಿಸಿದ್ದಾರೆ ಎಂಬ ಉತ್ತರ ಕ್ರೈಟೀರಿಯನ್ ಚಾನೆಲ್‌ನಿಂದ ಕೆಲವು ಚಂದಾದಾರರಿಗೆ ಬಂತೆಂದು ವರದಿಗಳು ಹೇಳಿದವು. ಗದ್ದಲ ಎದ್ದ ದಿನಗಳಲ್ಲಿ ಡಿಸ್ನಿ ಸಾರ್ವಜನಿಕವಾಗಿ ವಿವರಣೆ ಕೊಡಲಿಲ್ಲ. ಫ್ರೀಡ್‌ಕಿನ್ ಕೂಡ ಬಾಯಿ ಬಿಡಲಿಲ್ಲ. 2023ರ ಆಗಸ್ಟ್ 7ರಂದು ಅವರು ತೀರಿಕೊಂಡರು.

ಈ ಖಾಲಿ ಜಾಗದಲ್ಲಿ ಮೂರು ವಾದಗಳು ಬೆಳೆದವು. ಮೊದಲನೆಯದು, ಆ ಪದ ಇವತ್ತಿನ ಪ್ರೇಕ್ಷಕರನ್ನು, ಅದರಲ್ಲೂ ಕಪ್ಪು ಜನಾಂಗದವರನ್ನು ನೋಯಿಸುತ್ತದೆ, ಕೆಲವೇ ಸೆಕೆಂಡು ಹೋದರೆ ಚಿತ್ರವೇನೂ ಮುಳುಗುವುದಿಲ್ಲ ಎನ್ನುವುದು. ನೋವು ಸುಳ್ಳಲ್ಲ, ಅದನ್ನು ಹಗುರ ಮಾಡಬಾರದು. ಆದರೆ ಇದೇ ಡಿಸ್ನಿ 2020ರಲ್ಲಿ ತನ್ನ ಹಳೆಯ ‘ಡಂಬೊ’, ‘ಪೀಟರ್ ಪ್ಯಾನ್’ ಚಿತ್ರಗಳ ಮುಂದೆ, ಇದರಲ್ಲಿ ಕೆಲವು ಜನರ ಬಗ್ಗೆ ತಪ್ಪು ಚಿತ್ರಣವಿದೆ, ಅದನ್ನು ತೆಗೆಯುವ ಬದಲು ಅದರ ಕೆಟ್ಟ ಪರಿಣಾಮವನ್ನು ಒಪ್ಪಿಕೊಂಡು ಪಾಠ ಕಲಿಯಲು ಬಯಸುತ್ತೇವೆ ಎಂಬರ್ಥದ ಸೂಚನೆಯನ್ನು ಹಾಕಿತು. ಮಕ್ಕಳು ನೋಡುವ ಚಿತ್ರಕ್ಕೆ ಸೂಚನೆ ಸಾಕಾದರೆ, ವಯಸ್ಕರಿಗೆಂದೇ ತಯಾರಾದ ಪೊಲೀಸ್ ಚಿತ್ರಕ್ಕೆ ಕತ್ತರಿಯೇ ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಈ ಪಕ್ಷದಲ್ಲಿ ಉತ್ತರವಿಲ್ಲ.

ಎರಡನೆಯ ವಾದ ಇನ್ನಷ್ಟು ಗಟ್ಟಿ: ಫ್ರೀಡ್‌ಕಿನ್ ಅವರೇ ತೆಗೆಸಿದ್ದರೆ ಕೇಳಲು ನಾವು ಯಾರು? ನಿರ್ದೇಶಕನಿಗೆ ತನ್ನ ಕೃತಿಯನ್ನು ತಿದ್ದುವ ಹಕ್ಕಿಲ್ಲವೇ? ಇದೆ. ಅವರದೇ ಉದಾಹರಣೆ ಇದೆ. 1973ರ ‘ದಿ ಎಕ್ಸಾರ್ಸಿಸ್ಟ್’ಗೆ 2000ದಲ್ಲಿ ದೃಶ್ಯಗಳನ್ನು ಸೇರಿಸಿ, ನೀವು ಎಂದೂ ನೋಡಿರದ ರೂಪ ಎಂಬ ಬೇರೆ ಹೆಸರು ಕೊಟ್ಟೇ ಬಿಡುಗಡೆ ಮಾಡಿದರು. ಹಳೆಯ ರೂಪವೂ ಸಿಗುತ್ತಲೇ ಇತ್ತು. ಬದಲಾವಣೆ ಬಹಿರಂಗವಾಗಿತ್ತು, ಹೋಲಿಸಿ ನೋಡಲು ಅವಕಾಶವಿತ್ತು. ಹಾಗೆ ಮಾಡಿದ ಮನುಷ್ಯನ ಹೆಸರಿನಲ್ಲಿ ಹೇಳದೆ ಕೇಳದೆ ನಡೆದ ಕತ್ತರಿಯನ್ನು ಸಮರ್ಥಿಸಲು ಬರೀ ‘ನಿರ್ದೇಶಕರ ಆವೃತ್ತಿ’ ಎಂಬ ಹಣೆಪಟ್ಟಿ ಸಾಲದು.

ಮೂರನೆಯವರು ಚಿತ್ರ ಇತಿಹಾಸ ಬಲ್ಲವರು. ಚಲನಚಿತ್ರ ತನ್ನ ಕಾಲದ ದಾಖಲೆ, ಹೊಸ ರೂಪ ಮಾಡಿ, ಆದರೆ ಹಾಗೆಂದು ಬರೆಯಿರಿ ಮತ್ತು ಮೊದಲಿನದನ್ನೂ ಸಿಗುವಂತೆ ಇಡಿ ಎಂಬುದು ಇವರ ಬೇಡಿಕೆ. ಈ ಲೇಖನದ ನಿಲುವೂ ಇದೇ. ತಕರಾರು ಬದಲಾವಣೆಯ ಮೇಲಲ್ಲ, ಅದನ್ನು ಮುಚ್ಚಿಟ್ಟದ್ದರ ಮೇಲೆ.

ಬಣ್ಣದ ಜಗಳ: 2009 ಮತ್ತು 2012

ಇದೇ ಚಿತ್ರದ ಡಿಸ್ಕ್‌ಗಳ ಇತಿಹಾಸ ನೋಡಿದರೆ ‘ಮೂಲ’ ಎಂಬುದು ಎಷ್ಟು ಜಾರುವ ವಸ್ತು ಎಂದು ತಿಳಿಯುತ್ತದೆ.

ಛಾಯಾಗ್ರಾಹಕ ಓವನ್ ರೋಯಿಸ್‌ಮನ್ ಈ ಚಿತ್ರವನ್ನು ನ್ಯೂಯಾರ್ಕಿನ ಚಳಿಗಾಲದಲ್ಲಿ, ಹೆಚ್ಚಾಗಿ ಇದ್ದ ಬೆಳಕಿನಲ್ಲೇ, ಕ್ಯಾಮೆರಾ ಕೈಯಲ್ಲಿ ಹಿಡಿದು ತೆಗೆಸಿದವರು. ಕಡಿಮೆ ಬೆಳಕಿನಲ್ಲಿ ತೆಗೆದ ಫಿಲ್ಮನ್ನು ಲ್ಯಾಬಿನಲ್ಲಿ ಹೆಚ್ಚು ಹೊತ್ತು ಸಂಸ್ಕರಿಸಿದರೆ ಚಿತ್ರ ಮೂಡುತ್ತದೆ, ಜೊತೆಗೆ ಕಣಗಳೂ ಎದ್ದು ಕಾಣುತ್ತವೆ. ಗ್ರೇನ್ ಎನ್ನುವುದು ಇದನ್ನೇ. ಆ ಒರಟು ಕಣ, ಮಬ್ಬು ಬಣ್ಣ, ಕೊಳಕು ಹಿಮ ಸೇರಿ ಸಾಕ್ಷ್ಯಚಿತ್ರದ ಗುಣ ಬಂತು.

2009ರ ಬ್ಲೂ-ರೇಗಾಗಿ ಫ್ರೀಡ್‌ಕಿನ್ ಬಣ್ಣವನ್ನು ಹೊಸದಾಗಿ ಕಟ್ಟಿಸಿದರು. ಕಪ್ಪು-ಬಿಳುಪು ಪದರವೊಂದರ ಮೇಲೆ ಬಣ್ಣದ ಪದರವನ್ನು ತೆಳುವಾಗಿ ಹಾಸಿದಂತೆ ಮಾಡಿದ ಡಿಜಿಟಲ್ ಪ್ರಯೋಗ ಅದು. ಬಣ್ಣ ಅಂಚು ದಾಟಿ ಹರಡಿದಂತೆ, ಇಡೀ ಚಿತ್ರ ತಣ್ಣಗೆ ಸೋಸಿದಂತೆ ಕಂಡಿತು. ತಾನು ಮೊದಲಿನಿಂದ ಬಯಸಿದ್ದೇ ಹೀಗೆ ಎಂಬುದು ನಿರ್ದೇಶಕರ ಮಾತು; ಅದನ್ನು ವಿವರಿಸುವ ಕಿರುಚಿತ್ರವೂ ಡಿಸ್ಕಿನಲ್ಲೇ ಇತ್ತು. ರೋಯಿಸ್‌ಮನ್ ಮಾತ್ರ ಕೆರಳಿದರು. ತನ್ನನ್ನು ಕೇಳದೆ ಮಾಡಿದ ಈ ಪ್ರತಿ ಘೋರವಾಗಿದೆ ಎಂದು ಬಹಿರಂಗವಾಗಿ ಹೇಳಿದರು.

ವಿಮರ್ಶಕರು ಎರಡು ಪಾಲಾದರು. ನಿರ್ದೇಶಕರೇ ಒಪ್ಪಿದ್ದಾರೆ, ಆದ್ದರಿಂದ ಇದೇ ಸರಿಯಾದ ರೂಪ ಎಂದು ಅಂಕ ಕೊಟ್ಟವರಿದ್ದರು. 1971ರಲ್ಲಿ ಥಿಯೇಟರಿನಲ್ಲಿ ಹೀಗಿರಲಿಲ್ಲ ಎಂದು ಕಡಿಮೆ ಅಂಕ ಕೊಟ್ಟವರೂ ಇದ್ದರು. ಡಿಸ್ಕ್ ಕೊಂಡವರಿಗೆ ತಮ್ಮ ಟಿವಿಯೇ ಕೆಟ್ಟಿದೆಯೇ ಎಂಬ ಅನುಮಾನ ಬರುವಂತಿತ್ತು. ಕೊನೆಗೆ 2012ರಲ್ಲಿ ಹೊಸ ಬ್ಲೂ-ರೇ ಬಂತು. ಈ ಸಲ ಫ್ರೀಡ್‌ಕಿನ್ ಮತ್ತು ರೋಯಿಸ್‌ಮನ್ ಇಬ್ಬರೂ ಕೂತು ಬಣ್ಣ ಹೊಂದಿಸಿದ್ದರು. ಅದು 1971ರ ನೋಟಕ್ಕೆ ಹತ್ತಿರ ಬಂತು ಎಂಬುದನ್ನು ಹೆಚ್ಚಿನವರು ಒಪ್ಪಿದರು.

ಈ ಜಗಳ ಇಬ್ಬರ ಅಹಂಕಾರದ ಕಥೆಯಲ್ಲ. 2009ರಲ್ಲಿ ಬದಲಾವಣೆ ದೊಡ್ಡದಿತ್ತು, ಇಡೀ ಚಿತ್ರವನ್ನೇ ಆವರಿಸಿತ್ತು. ಆದರೂ ಏನೂ ಕಳೆದುಹೋಗಲಿಲ್ಲ. ಏಕೆಂದರೆ ನಿರ್ದೇಶಕ ತಾನು ಮಾಡಿದ್ದನ್ನು ಹೇಳಿದ, ಛಾಯಾಗ್ರಾಹಕ ವಿರೋಧಿಸಿದ, ವಿಮರ್ಶಕರು ತೂಗಿದರು, ಮೂರೇ ವರ್ಷಗಳಲ್ಲಿ ತಿದ್ದುಪಡಿ ಬಂತು. ಇಷ್ಟರ ನಡುವೆಯೂ 2009ರ ಡಿಸ್ಕ್ ಕೊಂಡವರ ಕಪಾಟಿನಲ್ಲಿ ಹಾಗೇ ಉಳಿದಿತ್ತು. ಇವತ್ತಿಗೂ ಎರಡನ್ನೂ ಹಾಕಿ ಹೋಲಿಸಬಹುದು. 2023ರ ಬದಲಾವಣೆ ಅಳತೆಯಲ್ಲಿ ಬಹಳ ಸಣ್ಣದು. ಆದರೆ ಅದರ ಬಗ್ಗೆ ಹೀಗೊಂದು ಸಂವಾದ ನಡೆಯಲು ಬೇಕಾದ ಯಾವ ಅಂಶವೂ ಇರಲಿಲ್ಲ.

ಡಿಸ್ಕ್‌ಗೂ ಸ್ಟ್ರೀಮಿಂಗ್‌ಗೂ ಇರುವ ನಿಜವಾದ ವ್ಯತ್ಯಾಸ

ಸಾಮಾನ್ಯವಾಗಿ ಈ ಹೋಲಿಕೆ ಚಿತ್ರದ ಗುಣಮಟ್ಟದ ಸುತ್ತ ನಡೆಯುತ್ತದೆ. ಅದರಲ್ಲಿ ಹುರುಳಿದೆ. 4ಕೆ ಡಿಸ್ಕ್ ಒಂದರಲ್ಲಿ 50ರಿಂದ 100 ಗಿಗಾಬೈಟ್ ಜಾಗ ಇರುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ದಾಟಿಯೂ ಮಾಹಿತಿ ಹರಿಯಬಲ್ಲದು. ನೆಟ್‌ಫ್ಲಿಕ್ಸ್ ತನ್ನ 4ಕೆ ಪ್ರಸಾರಕ್ಕೆ ಶಿಫಾರಸು ಮಾಡುವ ಇಂಟರ್ನೆಟ್ ವೇಗ ಸೆಕೆಂಡಿಗೆ 15 ಮೆಗಾಬಿಟ್. ಫ್ರೆಂಚ್ ಕನೆಕ್ಷನ್‌ನಂಥ ಕಣಭರಿತ ಚಿತ್ರಕ್ಕೆ ಈ ಅಂತರ ದುಬಾರಿ. ಕಣಗಳು ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಜಾಗದಲ್ಲಿರುತ್ತವೆ, ಅವನ್ನು ಕುಗ್ಗಿಸುವುದು ಕಷ್ಟ. ಮಾಹಿತಿ ಸಾಲದಾದಾಗ ಗೋಡೆ, ಆಕಾಶ, ಕತ್ತಲೆಯ ಮೂಲೆಗಳು ಚೌಕ ಚೌಕವಾಗಿ ಒಡೆಯುತ್ತವೆ. ಕಣವನ್ನು ಮೊದಲೇ ಸಾಫ್ಟ್‌ವೇರ್‌ನಿಂದ ಒರೆಸಿಹಾಕಿದರೆ ಇನ್ನೊಂದು ತೊಂದರೆ: ಮುಖದ ಸುಕ್ಕು, ಬಟ್ಟೆಯ ನೇಯ್ಗೆ ಎಲ್ಲ ಅದರೊಂದಿಗೇ ಹೋಗಿ ನಟರು ಮೇಣದ ಬೊಂಬೆಗಳಾಗುತ್ತಾರೆ. 2024ರಲ್ಲಿ ಬಂದ ‘ಟ್ರೂ ಲೈಸ್’ 4ಕೆ ಡಿಸ್ಕಿನ ಬಗ್ಗೆ ಬಂದ ದೊಡ್ಡ ದೂರು ಇದೇ. ಆ ಕೆಲಸಕ್ಕೆ ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಅವರ ಒಪ್ಪಿಗೆಯೂ ಇತ್ತು.

ಆದರೆ ಗುಣಮಟ್ಟ ಎರಡನೆಯ ಮಾತು. ಮೊದಲನೆಯದು ಹಿಡಿತ. ಡಿಸ್ಕ್ ಅಚ್ಚಾಗಿ ಮಾರಾಟವಾದ ಮೇಲೆ ಹಕ್ಕುದಾರ ಅದನ್ನು ತಿದ್ದಲಾರ. ಒಳ್ಳೆಯದಿರಲಿ ಕೆಟ್ಟದಿರಲಿ, ಅದು ಆ ವರ್ಷದ ಸಾಕ್ಷಿ. ಸ್ಟ್ರೀಮಿಂಗ್‌ನಲ್ಲಿ ಕಡತ ಇರುವುದು ಕಂಪನಿಯ ಸರ್ವರ್‌ನಲ್ಲಿ. ನಿನ್ನೆಯದನ್ನು ತೆಗೆದು ಇವತ್ತಿನದನ್ನು ಹಾಕಿದರೆ ಎಲ್ಲರ ಮನೆಯಲ್ಲೂ ಒಂದೇ ಸಲಕ್ಕೆ ಬದಲಾಗುತ್ತದೆ, ಹಳೆಯದರ ಗುರುತು ಉಳಿಯುವುದಿಲ್ಲ. ಫ್ರೆಂಚ್ ಕನೆಕ್ಷನ್ ಅವಧಿ 104 ನಿಮಿಷ. ಕೆಲವೇ ಸೆಕೆಂಡು ಹೋದರೂ ವಿವರಣೆಯ ಪುಟದಲ್ಲಿ 104 ಎಂದೇ ಇರುತ್ತದೆ. ಕತ್ತರಿ ಬಿದ್ದದ್ದು ಹೊರಬಂದದ್ದು ಜನರ ಬಳಿ ಹಳೆಯ ಡಿಸ್ಕ್ ಇದ್ದುದರಿಂದ.

ಹಣ ಕೊಟ್ಟು ‘ಕೊಂಡ’ ಡಿಜಿಟಲ್ ಚಿತ್ರದ ಕಥೆಯೂ ಬೇರೆಯಲ್ಲ. ಅಲ್ಲಿ ಸಿಗುವುದು ನೋಡುವ ಅನುಮತಿ ಮಾತ್ರ. 2024ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿ, ಇದು ಬರೀ ಪರವಾನಗಿ ಎಂದು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿಗೆ ‘ಖರೀದಿಸಿ’ ಎಂಬ ಗುಂಡಿ ಇಡಬಾರದು ಎಂದಿತು. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅನುಮತಿ ಹೋಗಬಹುದು ಎಂದು ಎಚ್ಚರಿಸುವ ಕಾನೂನು ಇದು. ಅನುಮತಿ ಇರುವಾಗಲೇ ಒಳಗಿನ ವಸ್ತು ಬದಲಾಗಬಹುದು ಎಂಬ ಸಮಸ್ಯೆಗೆ ಇದರಲ್ಲಿ ಮದ್ದಿಲ್ಲ.

ಅತ್ತ ಡಿಸ್ಕಿನ ದಾರಿಗಳು ಮುಚ್ಚುತ್ತಿವೆ. ನೆಟ್‌ಫ್ಲಿಕ್ಸ್ ಅಂಚೆಯಲ್ಲಿ ಡಿವಿಡಿ ಕಳಿಸುವ ಸೇವೆಯನ್ನು 2023ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು. ಅಮೆರಿಕದ ದೊಡ್ಡ ಮಳಿಗೆ ಸರಣಿ ಬೆಸ್ಟ್ ಬೈ 2024ರಲ್ಲಿ ಚಿತ್ರಗಳ ಡಿಸ್ಕ್ ಮಾರುವುದನ್ನೇ ಬಿಟ್ಟಿತು. ಡಿಸ್ಕ್ ಉಳಿದಿರುವುದು ಸಂಗ್ರಹಕಾರರಿಗಾಗಿ ಅಂದವಾದ ಪೆಟ್ಟಿಗೆಗಳನ್ನು ಹೊರತರುವ ಸಣ್ಣ ಸಂಸ್ಥೆಗಳ ಬಲದಿಂದ. ಹೋಲಿಸಿ ನೋಡಬಲ್ಲವರ ಸಂಖ್ಯೆ ಹೀಗೆ ಇಳಿಯುತ್ತಾ ಹೋದರೆ, ಮುಂದಿನ ಕತ್ತರಿಯನ್ನು ಕಂಡುಹಿಡಿಯುವವರು ಯಾರು?

ಕೈಬಿಟ್ಟ ಒಂದು ಕಾನೂನು

ಬದಲಾದ ಚಿತ್ರಕ್ಕೆ ಚೀಟಿ ಅಂಟಿಸಿ ಎಂಬ ಬೇಡಿಕೆ ಹೊಸದೂ ಅಲ್ಲ, ಅತಿರೇಕದ್ದೂ ಅಲ್ಲ. ಒಂದು ಕಾಲದಲ್ಲಿ ಅಮೆರಿಕದಲ್ಲಿ ಅದು ಕಾನೂನೇ ಆಗಿತ್ತು.

1980ರ ದಶಕದಲ್ಲಿ ಅಮೆರಿಕದ ಮಾಧ್ಯಮ ಉದ್ಯಮಿ ಟೆಡ್ ಟರ್ನರ್ ಅವರ ಕಂಪನಿ ಹಳೆಯ ಕಪ್ಪು-ಬಿಳುಪು ಚಿತ್ರಗಳಿಗೆ ಕಂಪ್ಯೂಟರಿನಿಂದ ಬಣ್ಣ ಹಚ್ಚಿಸತೊಡಗಿದಾಗ ನಿರ್ದೇಶಕರು ಸಿಡಿದೆದ್ದರು. ಅದರ ಫಲವಾಗಿ 1988ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂರಕ್ಷಣಾ ಕಾಯ್ದೆ ಬಂತು. ವರ್ಷಕ್ಕೆ 25ರಂತೆ ಮಹತ್ವದ ಚಿತ್ರಗಳನ್ನು ರಾಷ್ಟ್ರೀಯ ಪಟ್ಟಿಗೆ ಸೇರಿಸಬೇಕು. ಆ ಚಿತ್ರಗಳಿಗೆ ಬಣ್ಣ ಹಚ್ಚಿದರೆ ಅಥವಾ ಗಣನೀಯವಾಗಿ ಬದಲಿಸಿದರೆ ಪ್ರೇಕ್ಷಕರಿಗೆ ಕಾಣುವಂತೆ ಹಾಗೆಂದು ಬರೆಯಬೇಕು ಎಂದು ಅದು ವಿಧಿಸಿತು. 1992ರಲ್ಲಿ ಕಾಯ್ದೆಯನ್ನು ನವೀಕರಿಸುವಾಗ ಪಟ್ಟಿ ಉಳಿಯಿತು, ಚೀಟಿಯ ನಿಯಮ ಬಿದ್ದುಹೋಯಿತು. ಫ್ರೆಂಚ್ ಕನೆಕ್ಷನ್ ಅದೇ ರಾಷ್ಟ್ರೀಯ ಪಟ್ಟಿಗೆ 2005ರಲ್ಲಿ ಸೇರಿತು. ಅಂದರೆ ಅಮೆರಿಕದ ಸರ್ಕಾರ ದೇಶದ ಸಂಪತ್ತೆಂದು ಗುರುತಿಸಿದ ಚಿತ್ರಕ್ಕೆ ಕತ್ತರಿ ಬಿದ್ದರೂ, ಹೇಳಬೇಕಾದ ಬಾಧ್ಯತೆ ಈಗ ಯಾರಿಗೂ ಇಲ್ಲ.

ಫ್ರಾನ್ಸ್ ಬೇರೆ ದಾರಿ ಹಿಡಿಯಿತು. ಜಾನ್ ಹ್ಯೂಸ್ಟನ್ ಅವರ 1950ರ ಅಪರಾಧ ಚಿತ್ರ ‘ದಿ ಆಸ್ಫಾಲ್ಟ್ ಜಂಗಲ್’ಗೆ ಬಣ್ಣ ಹಚ್ಚಿದ ಪ್ರತಿಯನ್ನು ಫ್ರೆಂಚ್ ಟಿವಿಯಲ್ಲಿ ತೋರಿಸಲು ಹೊರಟಾಗ ಅವರ ವಾರಸುದಾರರು ನ್ಯಾಯಾಲಯಕ್ಕೆ ಹೋದರು. ಅಮೆರಿಕದಲ್ಲಿ ಹಕ್ಕು ಯಾರದ್ದೇ ಇರಲಿ, ಕೃತಿಯ ಅಖಂಡತೆಯನ್ನು ಕಾಯುವ ನೈತಿಕ ಹಕ್ಕು ಕೃತಿಕಾರನದು ಎಂಬ ನಿಲುವಿಗೆ 1991ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ ಬಂತು.

ಭಾರತದ ಸ್ಥಿತಿ ಇವೆರಡರ ನಡುವೆ ತೂಗಾಡುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಕರ್ತೃವಿಗೆ, ತನ್ನ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕು ಕೊಡುತ್ತದೆ. ಆದರೆ ಅದೇ ಕಾಯ್ದೆಯ ಲೆಕ್ಕದಲ್ಲಿ ಚಲನಚಿತ್ರದ ಕರ್ತೃ ಎಂದರೆ ನಿರ್ಮಾಪಕ, ನಿರ್ದೇಶಕನಲ್ಲ. ರಾಂಝಣಾ ಪ್ರಕರಣದಲ್ಲಿ ನಿರ್ದೇಶಕರ ಆಕ್ಷೇಪ ಎಷ್ಟೇ ನ್ಯಾಯವಾಗಿದ್ದರೂ ಕಾನೂನಿನಲ್ಲಿ ಕಾಲೂರಲು ಜಾಗ ಕಿರಿದಾಗಿರುವುದು ಇದರಿಂದ.

ನಮ್ಮ ಸಿಐಡಿ 999 ಎಲ್ಲಿದ್ದಾನೆ

ಕನ್ನಡಕ್ಕೂ ಪತ್ತೇದಾರಿ ಸಾಹಸದ ಪರಂಪರೆ ಇದೆ. 1968ರ ‘ಜೇಡರ ಬಲೆ’ಯಲ್ಲಿ ರಾಜಕುಮಾರ್ ಅವರನ್ನು ಸಿಐಡಿ 999 ಆಗಿ ತೋರಿಸಿದ ದೊರೈ-ಭಗವಾನ್ ಜೋಡಿ, ‘ಗೋವಾದಲ್ಲಿ ಸಿಐಡಿ 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಎಂದು ಸರಣಿಯನ್ನು ಬೆಳೆಸಿತು. ಪೌರಾಣಿಕ, ಸಾಮಾಜಿಕ ಪಾತ್ರಗಳ ರಾಜಕುಮಾರ್ ಕೋಟು ತೊಟ್ಟು ಪಿಸ್ತೂಲು ಹಿಡಿದದ್ದು ಆ ಕಾಲದ ಪ್ರೇಕ್ಷಕರಿಗೆ ರೋಮಾಂಚನ. ಈ ಚಿತ್ರಗಳ ಬಗ್ಗೆ ಇವತ್ತು ಬರೆಯುವವರು ನೋಡುವುದು ಬಹುಮಟ್ಟಿಗೆ ಟಿವಿ ಮತ್ತು ವಿಸಿಡಿ ಕಾಲದಲ್ಲಿ ತಯಾರಾಗಿ ಯೂಟ್ಯೂಬ್ ಸೇರಿದ ಪ್ರತಿಗಳನ್ನು. ವಿಸಿಡಿಯ ಚಿತ್ರದ ಅಳತೆ 352 ಅಡ್ಡ, 288 ಉದ್ದ ಬಿಂದುಗಳು. 4ಕೆ ತೆರೆಯಲ್ಲಿ ಅದಕ್ಕಿಂತ 80 ಪಟ್ಟಿಗೂ ಹೆಚ್ಚು ಬಿಂದುಗಳಿರುತ್ತವೆ. ಇಂಥ ಪ್ರತಿ ನೋಡಿ ‘ಛಾಯಾಗ್ರಹಣ ಸಾಧಾರಣ’ ಎಂದು ಬರೆದರೆ ಅದು ಛಾಯಾಗ್ರಾಹಕನಿಗೆ ಮಾಡಿದ ಅನ್ಯಾಯ. ಅವನು ಸೆರೆಹಿಡಿದದ್ದರ ಚೂರುಪಾರು ಮಾತ್ರ ನಮ್ಮ ಕಣ್ಣಿಗೆ ಬಿದ್ದಿದೆ.

ಕತ್ತರಿಯ ವಿಷಯದಲ್ಲಿ ಮಾತ್ರ ನಮಗೆ ಅಮೆರಿಕದವರಿಗಿಲ್ಲದ ಒಂದು ಅನುಕೂಲವಿದೆ. ಫಿಲ್ಮ್ ಕಾಲದ ಚಿತ್ರಗಳಿಗೆ ಮುಂಚೆ ಥಿಯೇಟರಿನಲ್ಲಿ ಕಾಣುತ್ತಿದ್ದ ಸೆನ್ಸಾರ್ ಪ್ರಮಾಣಪತ್ರದಲ್ಲಿ ಚಿತ್ರದ ಉದ್ದ ಮೀಟರ್‌ಗಳಲ್ಲಿ ಇರುತ್ತಿತ್ತು. 35 ಎಂಎಂ ಫಿಲ್ಮ್ ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುತ್ತದೆ. ಪ್ರಮಾಣಪತ್ರದಲ್ಲಿ 4000 ಮೀಟರ್ ಎಂದಿದ್ದರೆ ಚಿತ್ರ 146 ನಿಮಿಷದ ಆಸುಪಾಸಿನಲ್ಲಿರಬೇಕು. ಕೈಯಲ್ಲಿರುವ ಪ್ರತಿ 125 ನಿಮಿಷಕ್ಕೆ ಮುಗಿದರೆ ಹಾಡೋ ಹೊಡೆದಾಟವೋ ಎಲ್ಲೋ ಹೋಗಿದೆ ಎಂದರ್ಥ. ಒಂದು ಎಚ್ಚರ ಬೇಕು: ನಮ್ಮ ದೇಶದ ಟಿವಿ ವ್ಯವಸ್ಥೆಗೆ ಹೊಂದಿಸಿದ ಹಳೆಯ ವಿಸಿಡಿ, ಡಿವಿಡಿಗಳಲ್ಲಿ ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ರ ವೇಗದಲ್ಲಿ ಓಡಿಸುವುದು ರೂಢಿ. ಆಗ ಏನೂ ಕತ್ತರಿಸದೆಯೇ 146 ನಿಮಿಷ 140ಕ್ಕೆ ಇಳಿಯುತ್ತದೆ, ದನಿಗಳೂ ಒಂದಿಷ್ಟು ಏರುತ್ತವೆ. ಅವಧಿ ಕಡಿಮೆ ಇದೆಯೆಂದು ಕತ್ತರಿಯನ್ನು ದೂರುವ ಮೊದಲು ಈ ಲೆಕ್ಕ ಹಾಕಬೇಕು.

ಒಳ್ಳೆಯ ಪ್ರತಿ ಸಿಗುವುದು ಅಸಾಧ್ಯವೇನಲ್ಲ. ಗಿರೀಶ್ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆ ಅವರ ಫಿಲ್ಮ್ ಫೌಂಡೇಶನ್ ಸೇರಿ ಪುನರುಜ್ಜೀವನಗೊಳಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಆದರೆ ಪ್ರಶಸ್ತಿ ಪಡೆದ ಕಲಾಚಿತ್ರಕ್ಕೆ ಸಿಗುವ ಈ ಕಾಳಜಿ ಜನ ಮುಗಿಬಿದ್ದು ನೋಡಿದ ಪತ್ತೇದಾರಿ ಚಿತ್ರಕ್ಕೆ ಸಿಗುವುದು ಅಪರೂಪ. ಅಮೆರಿಕದಲ್ಲಿ ಪೊಲೀಸ್ ಚಿತ್ರವೊಂದರ ಕೆಲವು ಸೆಕೆಂಡಿಗೆ ಜನ ಹೋರಾಡಬಲ್ಲರು, ಏಕೆಂದರೆ ಹೋಲಿಸಲು ಅವರ ಬಳಿ ಪೂರ್ಣ ಪ್ರತಿ ಇದೆ. ನಮ್ಮ ಸಿಐಡಿ 999ರಲ್ಲಿ ಏನು ಹೋಗಿದೆ ಎಂದು ಹೇಳಲು ಆ ಕಾಲದಲ್ಲಿ ಥಿಯೇಟರಿನಲ್ಲಿ ನೋಡಿದವರ ನೆನಪೇ ಗತಿ.

ವಿಮರ್ಶೆಯಲ್ಲಿ ಏನಿರಬೇಕು

ಇಷ್ಟರಿಂದ ಡಿಸ್ಕ್ ವಿಮರ್ಶೆ ಎಂಬ ಬರಹದ ತೂಕವೇ ಬದಲಾಗಿದೆ. ಹಿಂದೆ ಅದು ಕೊಳ್ಳುವವರಿಗೆ ಸಲಹೆ: ಚಿತ್ರ ಸ್ಪಷ್ಟವಾಗಿದೆಯೇ, ಧ್ವನಿ ಚೆನ್ನಾಗಿದೆಯೇ, ಕೊಟ್ಟ ಹಣಕ್ಕೆ ಸರಿಹೋಗುವುದೇ. ಈಗ ಅದು ದಾಖಲೆಯೂ ಹೌದು. ಯಾವ ವರ್ಷದ, ಯಾವ ಸಂಸ್ಥೆಯ ಪ್ರತಿ, ಸ್ಟ್ರೀಮಿಂಗ್ ಆದರೆ ಯಾವ ಸೇವೆ, ಯಾವ ದೇಶ, ಯಾವ ತಿಂಗಳಲ್ಲಿ ನೋಡಿದ್ದು, ಅವಧಿ ನಿಮಿಷ-ಸೆಕೆಂಡುಗಳಲ್ಲಿ ಎಷ್ಟು ಎಂಬುದು ಬರಹದಲ್ಲಿದ್ದರೆ, ಹತ್ತು ವರ್ಷಗಳ ನಂತರ ಯಾರಾದರೂ ತಮ್ಮ ಪ್ರತಿಯನ್ನು ಅದರೊಂದಿಗೆ ತಾಳೆ ನೋಡಬಹುದು. ಮೂಲ ನೆಗೆಟಿವ್‌ನಿಂದ ಮಾಡಿದ್ದೇ, ಮೇಲ್ವಿಚಾರಣೆ ಯಾರದ್ದು, ಮೊದಲಿನ ಮೋನೊ (ಒಂದೇ ಪಥದ) ಧ್ವನಿ ಉಳಿಸಿದ್ದಾರೆಯೇ ಎಂಬುದು ಗೊತ್ತಾದರೆ ಅದನ್ನೂ ಬರೆಯಬೇಕು. ‘ನಿರ್ದೇಶಕರು ಒಪ್ಪಿದ್ದಾರೆ’ ಎಂಬ ಮಾತು ತೀರ್ಪಿನ ಜಾಗದಲ್ಲಿ ಕೂರಬಾರದು. 2009ರಲ್ಲಿ ನಿರ್ದೇಶಕರು ಒಪ್ಪಿದ್ದನ್ನು 2012ರಲ್ಲಿ ಅವರೇ ಬದಲಿಸಿದ್ದನ್ನು ನೋಡಿದ್ದೇವೆ.

ಇದರ ಇನ್ನೊಂದು ಪರಿಣಾಮ ವಿಮರ್ಶೆಯ ತಿರುಳಿಗೇ ತಟ್ಟುತ್ತದೆ. ಕತ್ತರಿಸಿದ ಪ್ರತಿ ನೋಡಿದ ಯುವ ವಿಮರ್ಶಕನೊಬ್ಬ, ಈ ಚಿತ್ರ ತನ್ನ ನಾಯಕನ ಜನಾಂಗದ್ವೇಷವನ್ನು ತೇಲಿಸಿಬಿಡುತ್ತದೆ ಎಂದು ಟೀಕಿಸಿದರೆ ಅದು ಅವನು ನೋಡಿದ್ದಕ್ಕೆ ಪ್ರಾಮಾಣಿಕವಾದ ಟೀಕೆ. 1971ರ ಚಿತ್ರಕ್ಕೆ ಮಾತ್ರ ಅದು ಅನ್ವಯಿಸುವುದಿಲ್ಲ. ಹಕ್ಕುದಾರರು ಚಿತ್ರದ ಮರ್ಯಾದೆ ಕಾಯಲೆಂದು ಮಾಡಿದ್ದರೆ, ಅದರಿಂದ ಚಿತ್ರದ ಮೇಲೆ ಹೊಸ ಅಪವಾದ ಬಂದಂತಾಯಿತು.

ರೋಯಿಸ್‌ಮನ್ 2023ರ ಜನವರಿಯಲ್ಲಿ, ಫ್ರೀಡ್‌ಕಿನ್ ಅದೇ ಆಗಸ್ಟ್‌ನಲ್ಲಿ, ಹ್ಯಾಕ್‌ಮನ್ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಮುಂದೆ ಈ ಚಿತ್ರದ ಯಾವ ಹೊಸ ಪ್ರತಿ ಬಂದರೂ ಬಣ್ಣ ಹೀಗಿತ್ತು, ಆ ಮಾತು ಇರಬೇಕು ಎಂದು ಹೇಳಲು ಅವರಿಲ್ಲ. ಹೊಸ ಡಿಸ್ಕ್ ಕೈಗೆ ಬಂದ ವಿಮರ್ಶಕರು ಕಾರಿನ ಬೆನ್ನಟ್ಟುವಿಕೆಗೆ ಓಡುವ ಮೊದಲು, ಠಾಣೆಯ ಆ ದೃಶ್ಯವನ್ನು 2012ರ ಬ್ಲೂ-ರೇ ಜೊತೆ ಇಟ್ಟು ನೋಡಬೇಕಾಗುತ್ತದೆ.